ತಾನಾಗಿ ಬೀಗ ಹಾಕಿಕೊಂಡ ಕಾರು

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಮ್ಮ ನೆರೆಮನೆಯ ಹಿರಿಯರೊಬ್ಬರು ತಮ್ಮ ಹಳೆಯ ಕಾರಿನ ಹಿಂದಿನ ಪೀಠದಲ್ಲಿ ಎರಡು ವರ್ಷದ ಮೊಮ್ಮಗಳನ್ನು ಕೂರಿಸಿದರು. ಮುಂದಿನ ಬಾಗಿಲನ್ನು ತೆರೆದು ಬೀಗದ ಕೈಯನ್ನೂ ರಿಮೋಟನ್ನೂ ಪೀಠದ ಮೇಲಿಟ್ಟು, ಬಾಗಿಲು ಮುಚ್ಚಿ, ಗೇಟು ತೆರೆಯಲು ಹೋದರು. ಅವರು ಹಿಂದಿರುಗುವಷ್ಟರಲ್ಲಿ ‘ಟಪ್’ ಎಂಬ ಸದ್ದಿನೊಡನೆ ನಾಲ್ಕು ಬಾಗಿಲುಗಳೂ ಬೀಗ ಹಾಕಿಕೊಂಡವು. ಮಗು ಒಳಗೆ, ಬೀಗದ ಕೈ ಒಳಗೆ, ಹೊರಗೆ ಉರಿಬಿಸಿಲು. ಮುಚ್ಚಿದ ಕಾರಿನ ಒಳಗಿನ ಉಷ್ಣತೆ ಬಿಸಿಲಿನಲ್ಲಿ ಹತ್ತೇ ನಿಮಿಷಗಳಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಲ್ಲದು. ಚಿಕ್ಕ ಮಕ್ಕಳ ಮೈ ದೊಡ್ಡವರದಕ್ಕಿಂತ ಬಹು ಬೇಗ ಕಾಯುತ್ತದೆ. ಪುಣ್ಯಕ್ಕೆ ಮನೆಯಲ್ಲಿ ಇನ್ನೊಂದು ಬೀಗದ ಕೈ ಇದ್ದಿತು.

ಸಂಜೆ ಹಿರಿಯರು ನಮ್ಮನ್ನು ಕರೆದು, “ಈ ಅಲಾರಂ ಪೆಟ್ಟಿಗೆಗೆ ಹುಚ್ಚು ಹಿಡಿದಿದೆ, ಕಿತ್ತು ಬಿಸಾಡಿ” ಎಂದರು. ನಾವು ಪರೀಕ್ಷಿಸಿ ನೋಡಿದಾಗ ಪೆಟ್ಟಿಗೆ ತನ್ನ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಿತು.

ಆ ನಿಯಮವೇನು? ರಿಮೋಟಿನ ಗುಂಡಿಯನ್ನು ಒತ್ತಿ ಬೀಗ ತೆಗೆದ ಮೇಲೆ ಸುಮಾರು ಅರ್ಧ ನಿಮಿಷದೊಳಗೆ ಯಾರೂ ಬಾಗಿಲು ತೆರೆಯದಿದ್ದರೆ, ಜೇಬಿನಲ್ಲಿದ್ದ ಗುಂಡಿ ಅರಿವಿಲ್ಲದೆ ಒತ್ತಿಹೋಗಿದೆಯೆಂದು ಬಗೆದು ಮತ್ತೆ ಬೀಗ ಹಾಕಬೇಕು. ಇಂಥ ಅನೇಕ ಅಲಾರಂಗಳಲ್ಲಿ ಈ ಏರ್ಪಾಡು ಉಂಟು. ಆದರೆ ಬಾಗಿಲು ತೆರೆದದ್ದು ಪೆಟ್ಟಿಗೆಗೆ ತಿಳಿಯುವುದು ಹೇಗೆ? ಬಾಗಿಲಿನ ಚೌಕಟ್ಟಿನಲ್ಲಿ ಬೆರಳ ತುದಿಯಷ್ಟು ದಪ್ಪದ ಒಂದು ಸ್ವಿಚ್ಚಿದೆ. ಬಾಗಿಲು ಮುಚ್ಚಿದಾಗ ಅದರ ಮೊಳೆ ಒಳಸೇರಿ ಸಂಪರ್ಕ ತಪ್ಪುತ್ತದೆ. ತೆರೆದಾಗ ಮೊಳೆ ಹೊರಚಿಮ್ಮಿ ತಂತಿಯನ್ನು ಕಾರಿನ ಮೈಗೆ ಕೂಡಿಸುತ್ತದೆ. ಕಾರಿನ ಕಬ್ಬಿಣದ ಮೈಯೇ ಬ್ಯಾಟರಿಯ ಋಣಧ್ರುವಕ್ಕೆ ಪ್ರವಾಹ ಮರಳುವ ದಾರಿಯಾದ್ದರಿಂದ ಇನ್ನೊಂದು ತಂತಿ ಬೇಕಿಲ್ಲ. ಆದರೆ ಸ್ವಿಚ್ಚಿಗೂ ಮೈಗೂ ಇರುವ ನಂಟು ಒಂದೇ ಒಂದು ತಿರುಪುಮೊಳೆ. ಹಲವು ಮಳೆಗಾಲಗಳನ್ನು ಕಂಡ ಆ ಮೊಳೆಯ ಸುತ್ತ ತುಕ್ಕು ಕಟ್ಟಿದರೆ ಸಂಪರ್ಕ ಕಡಿಯಿತೆಂದೇ ಅರ್ಥ.

ನಾವು ಕೇಳಿದ ಮೊದಲ ಪ್ರಶ್ನೆ, “ಒಳಗಿನ ದೀಪ ಎಂದಿನಿಂದ ಹತ್ತುತ್ತಿಲ್ಲ?” ಎಂಬುದು. “ಕಳೆದ ಮಳೆಗಾಲದಿಂದ, ಬಲ್ಬು ಸುಟ್ಟಿರಬೇಕು” ಎಂದರು. ಛಾವಣಿಯ ದೀಪವೂ ಈ ಸ್ವಿಚ್ಚಿನಿಂದಲೇ ಹತ್ತುವುದು. ದೀಪದ ಗುಂಡಿಯನ್ನು ‘ಸದಾ ಉರಿ’ ಎಂಬ ಸ್ಥಾನಕ್ಕೆ ತಳ್ಳಿದೆವು, ಚೆನ್ನಾಗಿ ಉರಿಯಿತು. ಬಲ್ಬು ನಿರಪರಾಧಿ. ಆ ಗಾಡಿಯ ಹಿಂದಿನ ಬಾಗಿಲುಗಳಿಗೆ ಸ್ವಿಚ್ಚುಗಳೇ ಇರಲಿಲ್ಲ, ಮುಂದಿನದು ಮೂಕವಾಗಿತ್ತು. ಮಗುವನ್ನು ಕೂರಿಸಿದ್ದಾಗಲಿ ಕೈ ಇಟ್ಟದ್ದಾಗಲಿ ಪೆಟ್ಟಿಗೆಯ ಪಾಲಿಗೆ ನಡೆದೇ ಇರಲಿಲ್ಲ. ಎಂಟು ತಿಂಗಳು ಆರಿದ್ದ ದೀಪವನ್ನು ಯಾರೂ ಪ್ರಶ್ನಿಸಲಿಲ್ಲವೆಂಬುದೇ ನಮಗೆ ಸೋಜಿಗ.

ಮೊಳೆ ಬಿಚ್ಚಿ, ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ವ್ಯಾಸಲೀನು ಸವರಿ ಬಿಗಿದೆವು. ಇದಕ್ಕೆ ಎದುರಾದ ದೋಷವೂ ಉಂಟು. ಸ್ವಿಚ್ಚಿನ ಮೊಳೆ ಸವೆದು ಪೂರ್ತಿ ಒತ್ತಿಕೊಳ್ಳದಿದ್ದರೆ, ಬಾಗಿಲು ತೆರೆದಿದೆಯೆಂಬ ಸುಳ್ಳು ಸುದ್ದಿ ಹೋಗಿ ಅಲಾರಂ ನಡುರಾತ್ರಿ ಕಿರಿಚಿ ಬೀದಿಯನ್ನೆಲ್ಲ ಎಬ್ಬಿಸುತ್ತದೆ.

ಅದೇ ಕಾರಿನಲ್ಲಿ ಇನ್ನೊಂದು ತೊಡಕಿತ್ತು. ಎಡಗಡೆಯ ಹಿಂದಿನ ಬಾಗಿಲಿನ ಬೀಗ ಕೆಲವು ದಿನ ಏಳುತ್ತಿತ್ತು, ಕೆಲವು ದಿನ ನಡುಗಿ ಸುಮ್ಮನಾಗುತ್ತಿತ್ತು. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದೇ ಹೆಚ್ಚು ರುಚಿಸುವ ವಿಷಯ.

1983ರಲ್ಲಿ ಹೊರಬಂದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರಂಥ ಗಾಡಿಗಳಿಗೆ ಸೆಂಟ್ರಲ್ ಲಾಕನ್ನು ಕೊಂಡವರು ಅನಂತರ ಅಂಗಡಿಯಲ್ಲಿ ಹಾಕಿಸಿಕೊಂಡದ್ದೇ ಹೆಚ್ಚು. ಅದರಲ್ಲಿ ಚಾಲಕನ ಬಾಗಿಲಿನ ಮೋಟಾರಿಗೆ ಸಾಮಾನ್ಯವಾಗಿ ಐದು ತಂತಿಗಳು, ಉಳಿದವುಗಳಿಗೆ ಎರಡೆರಡು. ಬೀಗ ಹಾಕಲು ಒಂದು ದಿಕ್ಕಿನಲ್ಲಿ, ತೆಗೆಯಲು ಎದುರು ದಿಕ್ಕಿನಲ್ಲಿ ಪ್ರವಾಹವನ್ನು ಕ್ಷಣಮಾತ್ರ ಹರಿಸುವುದು ಪೆಟ್ಟಿಗೆಯ ಕೆಲಸ.

ಬ್ಯಾಟರಿ 12.6 ವೋಲ್ಟ್ ತೋರಿತು. ಅದು ಪೂರ್ಣ ತುಂಬಿದೆಯೆಂದು ತಿಳಿದು ಮುಂದುವರಿದೆವು. ಮೋಟಾರಿನ ಜೋಡಣೆಯನ್ನು ಕಳಚಿ, ತಂತಿಗಳ ತುದಿಗೆ ಮೀಟರು ಹಿಡಿದು, ರಿಮೋಟು ಒತ್ತಿದಾಗ ಮುಳ್ಳು 12ಕ್ಕೇರಿತು. ಹಾಗಾದರೆ ಮೋಟಾರು ಕೆಟ್ಟಿರಬೇಕಲ್ಲವೆ? ಅದನ್ನು ಬ್ಯಾಟರಿಗೆ ಫ್ಯೂಸಿನ ಮೂಲಕ ಒಂದು ಕ್ಷಣ ಮುಟ್ಟಿಸಿದೊಡನೆ ಚಂಗನೆ ನೆಗೆಯಿತು. ತಂತಿಯಲ್ಲಿ 12 ವೋಲ್ಟ್ ಇದೆ, ಮೋಟಾರು ಸರಿಯಾಗಿದೆ, ಕೂಡಿಸಿದರೆ ಮಾತ್ರ ಕೆಲಸವಿಲ್ಲ!

ಓಮ್‌ನ ನಿಯಮದಿಂದ ಈ ಒಗಟನ್ನು ಬಿಡಿಸೋಣ. ಮೋಟಾರು ತಿರುಗತೊಡಗುವ ಕ್ಷಣದಲ್ಲಿ ಅದರ ರೋಧ 3 ಓಮ್ ಎಂದಿಟ್ಟುಕೊಂಡರೆ 12 ವೋಲ್ಟಿಗೆ 4 ಆಂಪೇರ್ ಹರಿಯಬೇಕು. ಸಾಮರ್ಥ್ಯ 48 ವಾಟ್. ದಾರಿಯಲ್ಲೆಲ್ಲೋ ಕೆಟ್ಟ ಸಂಪರ್ಕವೊಂದು 2 ಓಮ್ ರೋಧವನ್ನು ಸೇರಿಸಿದರೆ ಒಟ್ಟು 5 ಓಮ್, ಪ್ರವಾಹ 2.4 ಆಂಪೇರ್. ಮೋಟಾರಿಗೆ ದಕ್ಕುವುದು 7.2 ವೋಲ್ಟ್ ಮಾತ್ರ, ಸಾಮರ್ಥ್ಯ ಸುಮಾರು 17 ವಾಟ್. ಬಿಗಿಯಾದ ಬೀಗವನ್ನು ಎಳೆಯಲು ಅದು ಸಾಲದು. ಆದರೆ ಮೀಟರಿನ ಒಳರೋಧ ಬಹಳ ಹೆಚ್ಚು. ಅದು ಮಂಡಲದಿಂದ ಪ್ರವಾಹವನ್ನು ಸೆಳೆಯುವುದೇ ಇಲ್ಲವೆನ್ನಬಹುದು. ಪ್ರವಾಹವಿಲ್ಲದೆಡೆ 2 ಓಮ್ ಕಬಳಿಸುವ ವೋಲ್ಟೇಜೂ ಇಲ್ಲ. ಆದ್ದರಿಂದ ಮೀಟರು ಪೂರಾ 12ನ್ನೇ ತೋರಿತು.

ಆದುದರಿಂದ ಮೋಟಾರಿನ ಸ್ಥಾನದಲ್ಲಿ ಕಾರಿನ ತಿರುವುದೀಪದ 21 ವಾಟ್ ಬಲ್ಬನ್ನು ಕೂಡಿಸಿದೆವು. ಅದು ಪೌನೆ ಎರಡು ಆಂಪೇರ್ ಬೇಡುತ್ತದೆ. ಬಲ್ಬು ಮಂಕಾಗಿ ಮಿನುಗಿತು. ದೋಷ ತಂತಿಯಲ್ಲಿಯೇ ಇತ್ತು.

ಎಲ್ಲಿ? ಚೌಕಟ್ಟಿನಿಂದ ಬಾಗಿಲಿಗೆ ತಂತಿಗಳು ರಬ್ಬರು ಕೊಳವೆಯೊಂದರ ಮೂಲಕ ದಾಟುತ್ತವೆ. ಬಾಗಿಲು ತೆರೆದಾಗಲೆಲ್ಲ ಅವು ಅಲ್ಲಿಯೇ ಬಾಗಬೇಕು. ದಿನಕ್ಕೆ ಹತ್ತು ಸಲವೆಂದರೂ ಇಪ್ಪತ್ತು ವರ್ಷಗಳಲ್ಲಿ ಎಪ್ಪತ್ತು ಸಾವಿರ ಸಲ! ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಕೊನೆಯ ಎಳೆಯೊಂದು ಉಳಿದಿರುವವರೆಗೂ ಬೀಗ ಬಹುಶಃ ಚೆನ್ನಾಗಿಯೇ ನಡೆದೀತು, ಏಕೆಂದರೆ 0.2 ಮಿಲಿಮೀಟರು ವ್ಯಾಸದ ಎಳೆಯ ಒಂದು ಸೆಂಟಿಮೀಟರಿಗೆ ಓಮಿನ ಸಾವಿರದಲ್ಲಿ ಐದು ಪಾಲು ಮಾತ್ರ ರೋಧ. ಅದೂ ತುಂಡಾಗಿ, ಕಿಲುಬು ಹಿಡಿದ ತುದಿಗಳು ಒಂದನ್ನೊಂದು ಮುಟ್ಟಿಕೊಂಡಿರುವಾಗಲೇ ಈ ಚೆಲ್ಲಾಟ ಆರಂಭ. ಬಾಗಿಲನ್ನು ತುಸು ಆಡಿಸಿದರೆ ಬೀಗ ಏಳುತ್ತದೆ, ಮತ್ತೆ ಆಡಿಸಿದರೆ ನಿಲ್ಲುತ್ತದೆ.

ಕೊಳವೆ ಜಗ್ಗಿದೊಡನೆ ಹಸಿರುಗಟ್ಟಿದ ತುಂಡು ಹೊರಬಂದಿತು. ಬಾಗುವ ಸ್ಥಳದಲ್ಲಿಯೇ ಬೆಸೆದರೆ ಬೆಸುಗೆಯ ಅಂಚಿನಲ್ಲಿ ಮತ್ತೆ ಮುರಿಯುವುದರಿಂದ, ಹೊಸ ತಂತಿಯ ತುಂಡೊಂದನ್ನು ಕೊಳವೆಯ ಆಚೀಚೆಗೂ ಉದ್ದವಾಗಿ ಸೇರಿಸಿ ಬೆಸೆದೆವು.

ಕತ್ತಲಾದ ಮೇಲೆ ಕಡೆಯ ಪರೀಕ್ಷೆ. ಬೀಗದ ಕೈ ನಮ್ಮ ಕೈಯಲ್ಲಿಯೇ ಇತ್ತು. ರಿಮೋಟು ಒತ್ತಿ, ಮುಂದಿನ ಬಾಗಿಲನ್ನು ತೆರೆದು ಮುಚ್ಚಿ, ಒಂದು ನಿಮಿಷ ಕಾದೆವು. ದೀಪ ಹತ್ತಿ ಆರಿತು, ಬೀಗಗಳು ಅಲುಗಲಿಲ್ಲ. ಎರಡನೆಯ ಸಲ ಹಿಂದಿನ ಬಾಗಿಲನ್ನು ಮಾತ್ರ ತೆರೆದು ಮುಚ್ಚಿದೆವು. ಅರ್ಧ ನಿಮಿಷಕ್ಕೆ ಸರಿಯಾಗಿ ‘ಟಪ್’ ಎಂದಿತು. ಹಿರಿಯರು ಅಂದೇ ಹಿಂದಿನ ಎರಡು ಬಾಗಿಲುಗಳಿಗೂ ಸ್ವಿಚ್ಚು ಹಾಕಿಸಲು ನಿಶ್ಚಯಿಸಿದರು.