ಕಣ್ಣಿಗೆ ತೆನೆ ತಾಗಿದಾಗ

ಸುಗ್ಗಿಯ ದಿನಗಳಲ್ಲಿ ಕಣ್ಣಿಗೆ ಏನೂ ತಾಗಿಸಿಕೊಳ್ಳದ ರೈತರು ವಿರಳ. ಭತ್ತ ಬಡಿಯುವಾಗ ಸಿಡಿಯುವ ಕಾಳು, ರಾಶಿ ತೂರುವಾಗ ಬೀಳುವ ಸುಂಕು, ಕಬ್ಬಿನ ರವದಿ ಸುಲಿಯುವಾಗ ಗರಿಯ ಅಂಚು, ಹಾಲು ಕರೆಯುವಾಗ ಎಮ್ಮೆಯ ಬಾಲದ ಏಟು ಇವೆಲ್ಲ ದಿನನಿತ್ಯದ ಸಂಗತಿಗಳು. ಹೆಚ್ಚಿನವರಿಗೆ ಒಂದೆರಡು ದಿನ ನೀರು ಸುರಿದು ಕಣ್ಣು ತಾನಾಗಿ ಸರಿಹೋಗುತ್ತದೆ. ಕೆಲವರಿಗೆ ಮಾತ್ರ ಗೀರು ಬಿದ್ದಲ್ಲಿ ಹುಣ್ಣಾಗಿ, ಕೊನೆಗೆ ಕಣ್ಣಿಗೆ ಹೂ ಬಿದ್ದು ದೃಷ್ಟಿ ಹೋಗುತ್ತದೆ. ಹೀಗೆ ಹೋಗುವ ಕಣ್ಣುಗಳಲ್ಲಿ ಬಹಳಷ್ಟನ್ನು ಉಳಿಸಿಕೊಳ್ಳಬಹುದು.

ಹುಣ್ಣಾಗುವುದು ಹೇಗೆ?

ಕಣ್ಣಿನ ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ತಿಳಿಯಾದ ಒಂದು ಪರದೆ ಇದೆ. ಇದೇ ಕಾರ್ನಿಯಾ. ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಮೇಲ್ಪದರ ಗಟ್ಟಿಯಾಗಿರುವವರೆಗೆ ರೋಗಾಣುಗಳು ಸುಲಭವಾಗಿ ಒಳಹೋಗಲಾರವು. ಗೀರು ಬಿದ್ದರೆ ದಾರಿ ತೆರೆದಂತೆ. ಗರಿ, ಹೊಟ್ಟು, ಮಣ್ಣಿನಲ್ಲಿರುವ ಶಿಲೀಂಧ್ರದ ಕಣಗಳು ಅಲ್ಲಿ ಬೇರೂರುತ್ತವೆ. ಇವುಗಳಲ್ಲಿ ಮುಖ್ಯವಾದವು ಫ್ಯುಸೇರಿಯಂ ಮತ್ತು ಆಸ್ಪರ್ಜಿಲಸ್. ನಿಮ್ಮ ತೊಗರಿ, ಕಡಲೆಗೆ ಸೊರಗು ರೋಗ ತರುವುದೂ ಫ್ಯುಸೇರಿಯಂ ಕುಲದ ಶಿಲೀಂಧ್ರವೇ. ಶೇಂಗಾ ಬೀಜಕ್ಕೆ ಹಸಿರು ಬೂಷ್ಟು ಹಿಡಿಸುವುದು ಆಸ್ಪರ್ಜಿಲಸ್ ಕುಲದ್ದು. ಹೊಲದಲ್ಲಿ ನೀವು ಬಲ್ಲ ಬಳಗವೇ ಕಣ್ಣಿಗೂ ಬರುತ್ತದೆ ಎಂದಾಯಿತು.

ಗುರುತಿಸುವ ಬಗೆ

ಕೆಂಪಾದ ಕಣ್ಣೆಲ್ಲ ಒಂದೇ ಅಲ್ಲ. ಊರಿಗೆಲ್ಲ ಹರಡುವ ಕೆಂಗಣ್ಣು ಬೇನೆಯಲ್ಲಿ ಸಾಮಾನ್ಯವಾಗಿ ಎರಡೂ ಕಣ್ಣು ಕೆಂಪಾಗುತ್ತವೆ, ಬೆಳಿಗ್ಗೆ ಪಿಸುರಿನಿಂದ ರೆಪ್ಪೆ ಅಂಟಿಕೊಂಡಿರುತ್ತದೆ, ಆದರೆ ದೃಷ್ಟಿ ಚೆನ್ನಾಗಿರುತ್ತದೆ. ಮೂಗಿನ ಕಡೆಯಿಂದ ಬೆಳೆಯುವ ದುರ್ಮಾಂಸ ಮತ್ತು ವಯಸ್ಸಾದವರ ಪೊರೆ ನಿಧಾನವಾಗಿ ಬರುತ್ತವೆ, ನೋವಿಲ್ಲ. ಅವಸರವೂ ಇಲ್ಲ. ಕಾರ್ನಿಯಾದ ಹುಣ್ಣು ಹಾಗಲ್ಲ. ಪೆಟ್ಟು ಬಿದ್ದ ಒಂದೇ ಕಣ್ಣು ನೋಯುತ್ತದೆ, ಬೆಳಕು ನೋಡಲಾಗುವುದಿಲ್ಲ, ನೀರು ಸುರಿಯುತ್ತದೆ, ದೃಷ್ಟಿ ಮಬ್ಬಾಗುತ್ತದೆ. ಕೆಲವು ದಿನಗಳಲ್ಲಿ ಕರಿಗುಡ್ಡೆಯ ಮೇಲೆ ಬಿಳಿ ಅಥವಾ ಬೂದು ಚುಕ್ಕೆ ಕಾಣುತ್ತದೆ. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಗೋಡೆಯ ಕ್ಯಾಲೆಂಡರ್ ಓದಿ, ಬಳಿಕ ಕಣ್ಣು ಬದಲಿಸಿ. ಪೆಟ್ಟು ಬಿದ್ದ ಕಣ್ಣಿಗೆ ಅಕ್ಷರ ಮಂಕಾಗಿದ್ದರೆ ಅಂದೇ ಆಸ್ಪತ್ರೆಗೆ ಹೊರಡಿ.

ಶಿಲೀಂಧ್ರದ ಹುಣ್ಣು ನಿಧಾನವಾಗಿ ಬೆಳೆಯುತ್ತದೆ. ಮೊದಮೊದಲು ಹುಣ್ಣಿನ ಗಾತ್ರಕ್ಕೆ ತಕ್ಕಷ್ಟು ನೋವು ಇರದಿರಬಹುದು. ಕುಯಿಲು ಮುಗಿಯಲಿ ಎಂದು ಕಾಯುವುದು ಇದರಿಂದಲೇ.

ಮೊದಲ ದಿನದ ಬೆಲೆ

ನೇಪಾಳದ ಭಕ್ತಪುರದ ಹಳ್ಳಿಗಳಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಮನನೀಯ. ಕಣ್ಣಿಗೆ ಗೀರು ಬಿದ್ದವರಿಗೆ ಊರಿನ ಆರೋಗ್ಯ ಕಾರ್ಯಕರ್ತರೇ 1 ಶೇಕಡಾ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ 3 ಬಾರಿಯಂತೆ 3 ದಿನ ಹಚ್ಚಿದರು. ಪೆಟ್ಟಾದ 18 ಗಂಟೆಯೊಳಗೆ ಬಂದ 284 ಮಂದಿಯಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ದಾಟಿಸಿ ಬಂದವರಲ್ಲಿ ನಾಲ್ಕರಲ್ಲೊಬ್ಬರಿಗಿಂತ ಹೆಚ್ಚು ಜನರಿಗೆ ಹುಣ್ಣಾಯಿತು. ಮುಲಾಮು ಅಗ್ಗದ್ದೇ. ವೇಳೆ ಮೀರಿದರೆ ಮಾತ್ರ ಅದು ಅಷ್ಟು ಕೆಲಸ ಮಾಡದು.

ಮಾಡಬಾರದ್ದು

ಕಣ್ಣು ಉಜ್ಜಬೇಡಿ. ನಾಲಿಗೆಯಿಂದಾಗಲಿ ಸೆರಗಿನ ತುದಿಯಿಂದಾಗಲಿ ಕಸ ತೆಗೆಸಬೇಡಿ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಹಿಂಡಬೇಡಿ. ಎಕ್ಕ, ಕಳ್ಳಿಗಳ ಹಾಲಂತೂ ಕಾರ್ನಿಯಾವನ್ನೇ ಕೆಡಿಸುತ್ತದೆ. ಪಟ್ಟಿ ಕಟ್ಟಬೇಡಿ, ಕಟ್ಟಿದ ಕಣ್ಣಿನ ಬೆಚ್ಚನೆಯ ತೇವ ರೋಗಾಣುಗಳಿಗೆ ಅನುಕೂಲ.

ಇವೆಲ್ಲಕ್ಕಿಂತ ಕೆಟ್ಟದ್ದು ಔಷಧಿ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಹನಿ. ಸೀಸೆಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್; ಹಲವು ಸಲ ಪ್ರತಿಜೀವಕದ ಜೊತೆಗೇ ಬೆರೆತಿರುತ್ತದೆ. ಹಾಕಿದ ಮರುದಿನ ಕೆಂಪು ಇಳಿಯುತ್ತದೆ, ನೋವು ತಗ್ಗುತ್ತದೆ, ಅಂಗಡಿಯವನ ಮೇಲೆ ವಿಶ್ವಾಸ ಹುಟ್ಟುತ್ತದೆ. ಒಳಗೆ ದೇಹದ ಕಾವಲು ಕುಗ್ಗಿ ಶಿಲೀಂಧ್ರ ಆಳಕ್ಕಿಳಿಯುತ್ತಿರುತ್ತದೆ. ನೆರೆಮನೆಯವರಿಗೆ ವೈದ್ಯರು ಬರೆದ ಹನಿ ನಿಮ್ಮ ಕಣ್ಣಿಗೆ ಔಷಧವಲ್ಲ.

ಚಿಕಿತ್ಸೆ

ಆಸ್ಪತ್ರೆಯಲ್ಲಿ ಹುಣ್ಣನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬ್ಯಾಕ್ಟೀರಿಯಾದ ಔಷಧ ಶಿಲೀಂಧ್ರಕ್ಕೆ ನಾಟುವುದಿಲ್ಲವಾದ್ದರಿಂದ ಈ ಪರೀಕ್ಷೆ ಬೇಕೇ ಬೇಕು. ಶಿಲೀಂಧ್ರಕ್ಕೆ ಸಾಮಾನ್ಯವಾಗಿ 5 ಶೇಕಡಾ ನಟಾಮೈಸಿನ್ ಹನಿ ಕೊಡುತ್ತಾರೆ. ಮಧುರೈನ ಅರವಿಂದ ಕಣ್ಣಾಸ್ಪತ್ರೆ ಮೊದಲಾದೆಡೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅದರಲ್ಲೂ ಫ್ಯುಸೇರಿಯಂ ಹುಣ್ಣಿನಲ್ಲಿ, ಹೊಸದಾದ ವೊರಿಕೊನಜೋಲ್‌ಗಿಂತ ಈ ಹಳೆಯ ಔಷಧವೇ ಮೇಲೆನಿಸಿತು. ಸೀಸೆಯನ್ನು ಚೆನ್ನಾಗಿ ಅಲುಗಾಡಿಸಿ ಹಾಕಬೇಕು, ಏಕೆಂದರೆ ಮದ್ದು ತಳದಲ್ಲಿ ಕೂತಿರುತ್ತದೆ. ಮೊದಲ ದಿನಗಳಲ್ಲಿ ಗಂಟೆಗೊಮ್ಮೆ ಹಾಕಬೇಕಾಗಬಹುದು. ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ. ಬೆಳೆಗೆ ಸಿಂಪಡಿಸುವ ಶಿಲೀಂಧ್ರನಾಶಕಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲವಷ್ಟೆ.

ಸುಣ್ಣ, ಬೋರ್ಡೋ ದ್ರಾವಣ, ಕೀಟನಾಶಕ ಕಣ್ಣಿಗೆ ಬಿದ್ದರೆ ಮಾತ್ರ ಕ್ರಮ ಬೇರೆ. ಮೊದಲು ರೆಪ್ಪೆ ಅಗಲಿಸಿ, ಶುದ್ಧ ನೀರಿನಿಂದ ಅರ್ಧ ಗಂಟೆ ತೊಳೆದು, ನಂತರ ಹೊರಡಬೇಕು. ಅಡಿಕೆ ತೋಟಗಳಲ್ಲಿ ಇದು ಮಳೆಗಾಲದ ಅಪಾಯ.

ಒಕ್ಕಣೆ ಯಂತ್ರದ ಬಳಿ ನಿಲ್ಲುವವರು, ತೂರುವವರು, ಸಿಂಪಡಿಸುವವರು ಬದಿ ಮುಚ್ಚಿದ ಸಾದಾ ಕನ್ನಡಕ ಹಾಕಿಕೊಳ್ಳುವುದು ಒಳ್ಳೆಯದು. ಪೆಟ್ಟಾದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ತೋರಿಸಿ. ಏನು ತಾಗಿತು, ಎಷ್ಟು ಹೊತ್ತಿಗೆ, ಅನಂತರ ಕಣ್ಣಿಗೆ ಏನೇನು ಹಾಕಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ಹನಿ ಹಾಕಿದ್ದರೆ ಆ ಸೀಸೆಯನ್ನೂ ಜೊತೆಗೆ ಒಯ್ಯಿರಿ.