ಎರಡೂವರೆ ಸಾವಿರದ ಮದುಮಗಳು

‘ಮೊದಲ ಮುದ್ರಣ ಸಾರ್, 1967ದ್ದು. ಇನ್ನೆಲ್ಲೂ ಸಿಗಲ್ಲ.’

ಹೊಸಪೇಟೆಯ ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ‘ಮಲೆಗಳಲ್ಲಿ ಮದುಮಗಳು’ ಕೈಗಿಟ್ಟು ಆತ ಕೇಳಿದ್ದು ನಾಲ್ಕು ಸಾವಿರ. ಚೌಕಾಸಿ ಮಾಡಿ ಎರಡೂವರೆಗೆ ಇಳಿಸಿದೆ. ಶೀರ್ಷಿಕೆ ಪುಟದ ಹಿಂಬದಿ, ಅಂದರೆ ಮುದ್ರಣದ ವಿವರ ಇರಬೇಕಾದ ಹಾಳೆಯೇ ಇರಲಿಲ್ಲ. ಒಳರಟ್ಟಿನ ಮೇಲೆ ಯಾರೋ ಪೆನ್ಸಿಲಿನಲ್ಲಿ 1967 ಎಂದು ಗೀಚಿದ್ದರು. ಆಸೆ ಹತ್ತಿದವನಿಗೆ ಅಷ್ಟೇ ಸಾಕ್ಷಿ ಸಾಕಾಯಿತು.

ಪ್ಯಾಸೆಂಜರ್ ರೈಲು ದರೋಜಿ ಮುಟ್ಟುವ ಮೊದಲೇ ಬಣ್ಣ ಬಯಲಾಯಿತು. ಕೊನೆಯ ಪುಟದ ಅಡಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಮುದ್ರಣಾಲಯದ ವಿಳಾಸ. ಊರಿನ ಹೆಸರಿನ ಮುಂದೆ ಆರಂಕಿಯ ಪಿನ್‌ಕೋಡ್. ನಮ್ಮ ದೇಶಕ್ಕೆ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. 1967ರ ಪುಸ್ತಕಕ್ಕೆ ಅದು ಹೇಗೆ ಬರಬೇಕು?

ಅವತ್ತಿನಿಂದ ಹಳೇ ಕಾದಂಬರಿ ಕೈಗೆ ಬಂದರೆ ಕಥೆಗಿಂತ ಮೊದಲು ವಿಳಾಸ ಓದುತ್ತೇನೆ. ಬೆಲೆ ರೂಪಾಯಿ-ಆಣೆ-ಪೈಗಳಲ್ಲಿದ್ದರೆ ಅದು ಬಹುಮಟ್ಟಿಗೆ 1957ರ ಏಪ್ರಿಲ್‌ಗಿಂತ ಹಿಂದಿನದು. ‘ನಯಾ ಪೈಸೆ’ ಕಂಡರೆ 1957ರಿಂದ 1964ರ ನಡುವಿನದು. ‘ಕರ್ನಾಟಕ ರಾಜ್ಯ’ ಎಂದು ಅಚ್ಚಾಗಿದ್ದರೆ 1973ರ ನವೆಂಬರ್‌ನಿಂದ ಈಚಿನದು. ಹಿಂಬದಿಯಲ್ಲಿರುವ ‘ನಮ್ಮ ಇತರ ಪ್ರಕಟಣೆಗಳು’ ಪಟ್ಟಿಯನ್ನೂ ಬಿಡುವುದಿಲ್ಲ. ಐದು ವರ್ಷ ತಡವಾಗಿ ಬಂದ ಪುಸ್ತಕದ ಹೆಸರು ಅಲ್ಲಿದ್ದರೆ ಮುಗಿಯಿತು. ನಮ್ಮ ಅವಿಭಜಿತ ಬಳ್ಳಾರಿ ಜಿಲ್ಲೆಯವರೇ ಆದ ಕುಂ. ವೀರಭದ್ರಪ್ಪನವರ ‘ಅರಮನೆ’ 2005ರದು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 2007ರಲ್ಲಿ. ರಕ್ಷಾಪುಟದ ಮೇಲೆ ಪ್ರಶಸ್ತಿಯ ಮಾತು ಅಚ್ಚಾಗಿದ್ದರೆ, ಮಾರುವವನು ಆಣೆ ಮಾಡಿದರೂ ಮೊದಲ ಮುದ್ರಣವೆಂದು ನಂಬಬೇಡಿ.

ಇಂಗ್ಲಿಷಿನ ಲೆಕ್ಕ ಬೇರೆ. 1997ರಲ್ಲಿ ಬಂದ ಮೊದಲ ಹ್ಯಾರಿ ಪಾಟರ್ ಕಾದಂಬರಿಯ ಗಟ್ಟಿ ರಟ್ಟಿನ ಪ್ರತಿಗಳು ಮೊದಲಿಗೆ ಅಚ್ಚಾದದ್ದು 500 ಮಾತ್ರ. ವಿವರದ ಪುಟದಲ್ಲಿ ಹತ್ತರಿಂದ ಒಂದರವರೆಗೆ ಅಂಕಿಗಳ ಸಾಲಿದ್ದು, 1 ಉಳಿದಿದ್ದರೆ ಮೊದಲ ಅಚ್ಚು. ಅವಕ್ಕೆ ಹರಾಜಿನಲ್ಲಿ ಲಕ್ಷಗಟ್ಟಲೆ ಬರುತ್ತದೆ. ಕನ್ನಡದಲ್ಲಿ ‘ಪ್ರಥಮ ಮುದ್ರಣ’, ‘ಪ್ರತಿಗಳು: 1000’ ಎಂದು ಸಾಫ್‌ಸೀದಾ ಹಾಕುತ್ತಾರೆ, ಗುರುತಿಸುವುದೇ ಸುಲಭ. ಮಾರುವುದು ಕಷ್ಟ. ಕೊಳ್ಳುವವರು ಬೆರಳೆಣಿಕೆ, ಗೊತ್ತಾದ ಬೆಲೆ ಅಂತ ಒಂದಿಲ್ಲ. ಗ್ರಂಥಾಲಯದ ರಬ್ಬರ್ ಮೊಹರಿದ್ದರೆ ಇನ್ನೂ ಇಳಿಯುತ್ತದೆ. ಬಳ್ಳಾರಿ ಬಿಸಿಲಿಗೆ ಹಪ್ಪಳವಾಗುವ ಕಾಗದ, ಮಳೆಗಾಲದ ಗೆದ್ದಲು, ಇವುಗಳ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅದೇ ಎರಡೂವರೆ ಸಾವಿರವನ್ನು ಶೇಕಡಾ 7ರ ಬಡ್ಡಿಗೆ ಬ್ಯಾಂಕಿನಲ್ಲಿ ಇಟ್ಟಿದ್ದರೆ ಹತ್ತು ವರ್ಷಕ್ಕೆ ಹತ್ತಿರಹತ್ತಿರ 4,900 ಆಗುತ್ತಿತ್ತು. ಅದಕ್ಕೇ ಹೇಳುವುದು, ಕನ್ನಡ ಕಾದಂಬರಿಯನ್ನು ಓದಲಿಕ್ಕೆ ಕೊಳ್ಳಿ. ಹೂಡಿಕೆ ಅಂತ ಕೊಳ್ಳಬೇಡಿ.

ಮೊನ್ನೆ ಆ ಪುಸ್ತಕವನ್ನು ಅದೇ ಅಂಗಡಿಗೆ ಒಯ್ದಿದ್ದೆ. ಆತ ಹಾಳೆ ತಿರುವಿ, ಕೊನೆಯ ಪುಟಕ್ಕೆ ಬಂದು ನಿಂತ. ‘ಇದು ಮೊದಲ ಮುದ್ರಣ ಅಲ್ಲ ಸಾರ್. ಇನ್ನೂರು ಕೊಡ್ತೀನಿ’ ಅಂದ.