ಬೆಡ್‌ರೂಮಿನ ಲೆಕ್ಕವೂ ಹಿತ್ತಿಲಿನ ಟ್ಯಾಂಕೂ

ಬಾಸ್ಟನ್ನಿನ ಪಶ್ಚಿಮಕ್ಕಿರುವ ಊರೊಂದರಲ್ಲಿ, ನಾಲ್ಕು ಬೆಡ್‌ರೂಮುಗಳದೆಂದು ಜಾಹೀರಾತಿನಲ್ಲಿ ಘೋಷಿತವಾಗಿದ್ದ ಮನೆಯನ್ನು ಆ ನಾಲ್ಕಕ್ಕೆ ತಕ್ಕ ಬೆಲೆಯನ್ನೇ ತೆತ್ತು ಕೊಂಡ ನಮ್ಮ ಕೂಟದ ಯುವ ದಂಪತಿಗಳು, ಬೇಸಗೆಯಲ್ಲಿ ಆರು ತಿಂಗಳ ಮಟ್ಟಿಗೆ ಬರಲಿರುವ ತಂದೆತಾಯಿಗಳಿಗೆ ಮಹಡಿ ಹತ್ತಿಳಿಯುವ ಶ್ರಮ ತಪ್ಪಲೆಂಬ ಸದುದ್ದೇಶದಿಂದ ಕೆಳ ಅಂತಸ್ತಿನಲ್ಲಿ ಇನ್ನೊಂದು ಕೋಣೆ ಕಟ್ಟಿಸಲು ಅರ್ಜಿ ಹಾಕಿದರು. ಅರ್ಜಿಯು ಕಟ್ಟಡದ ಅಧಿಕಾರಿಯಿಂದ ಊರಿನ ಬೋರ್ಡ್ ಆಫ್ ಹೆಲ್ತ್‌ಗೆ ಹೋಗಿ, ಅಲ್ಲಿಂದ ಒಂದೇ ಸಾಲಿನ ಉತ್ತರದೊಡನೆ ಹಿಂದಿರುಗಿತು: ಈ ಮನೆಯ ಸೆಪ್ಟಿಕ್ ವ್ಯವಸ್ಥೆಗೆ ಮಂಜೂರಾತಿಯಿರುವುದು ಮೂರು ಬೆಡ್‌ರೂಮುಗಳಿಗೆ. ಐದನೆಯದನ್ನು ಕೇಳಹೋದವರಿಗೆ ನಾಲ್ಕನೆಯದೇ ಇಲ್ಲವೆಂದು ತಿಳಿಯಿತು. ವಿಮಾನದ ಟಿಕೆಟು ಕೊಂಡಾಗಿತ್ತು. ಕಂಟ್ರಾಕ್ಟರನಿಗೆ ಮುಂಗಡವನ್ನೂ ಕೊಟ್ಟಾಗಿತ್ತು. ಇಂತಹ ವೃತ್ತಾಂತವನ್ನು ಕೇಳುವುದು ನನಗೆ ಇದೇ ಮೊದಲಲ್ಲವಾದುದರಿಂದಲೂ, ಮನೆ ಮಾರಿಸುವ ಏಜೆಂಟರು ಈ ವಿಷಯದಲ್ಲಿ ಜಾಣಮೌನವನ್ನೇ ತಾಳುವುದರಿಂದಲೂ, ಕೊಂಚ ಬೇಸರದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಸೈಟು ನೋಡಹೋದಾಗ ಕಾವೇರಿ ನೀರು ಬರುತ್ತದೆಯೇ, ಯುಜಿಡಿ ಆಗಿದೆಯೇ ಎಂದು ವಿಚಾರಿಸದೆ ಕಾಸು ಬಿಚ್ಚದ ನಮ್ಮ ಜನ, ಇಲ್ಲಿ ಮಾತ್ರ ಶಾಲೆಯ ಶ್ರೇಯಾಂಕವೊಂದನ್ನು ಕೇಳಿ ತೃಪ್ತರಾಗಿಬಿಡುತ್ತಾರೆ. ಸಡ್‌ಬರಿ, ವೇಲೆಂಡ್, ಕಾರ್ಲೈಲ್ ಮೊದಲಾದ ಊರುಗಳಲ್ಲಿ ಬಹುಪಾಲು ಮನೆಗಳಿಗೆ ಊರ ಒಳಚರಂಡಿಯ ಸಂಪರ್ಕವೇ ಇಲ್ಲ. ಬಚ್ಚಲು, ಕಕ್ಕಸು, ಅಡುಗೆಮನೆಗಳ ನೀರೆಲ್ಲ ಹಿತ್ತಿಲಿನ ಟ್ಯಾಂಕನ್ನು ಸೇರಿ, ಗಸಿ ತಳದಲ್ಲಿಯೂ ಜಿಡ್ಡು ಮೇಲೆಯೂ ನಿಂತು, ನಡುವಣ ನೀರು ಲೀಚಿಂಗ್ ಫೀಲ್ಡಿನ ಮಣ್ಣಿನಲ್ಲಿ ಇಂಗಿ ಶುದ್ಧವಾಗಬೇಕು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇದನ್ನು ನಿಯಂತ್ರಿಸುವ, 1995ರಲ್ಲಿ ಆಮೂಲಾಗ್ರ ಪರಿಷ್ಕಾರವನ್ನು ಕಂಡ ನಿಯಮಾವಳಿಗೆ ಟೈಟಲ್ ಫೈವ್ ಎಂದು ಹೆಸರು. ನಿಯಮ ರಾಜ್ಯದ್ದಾದರೂ ಅದನ್ನು ಜಾರಿಗೆ ತರುವುದು ಆಯಾ ಊರಿನ ಬೋರ್ಡ್ ಆಫ್ ಹೆಲ್ತ್. ಅದು ಇನ್ನೂ ಕಠಿಣವಾದ ನಿಯಮಗಳನ್ನು ಸೇರಿಸಲು ಸ್ವತಂತ್ರವಾದುದರಿಂದ, ಪಕ್ಕದೂರಿನ ಗೆಳೆಯ ಏನು ಮಾಡಿ ಪಾರಾದನೆಂಬ ಪುರಾಣವನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಎಷ್ಟು ಜನರಿದ್ದಾರೆ, ಎಷ್ಟು ಬಚ್ಚಲುಗಳಿವೆ ಎಂಬುದನ್ನು ಟೈಟಲ್ ಫೈವ್ ಎಣಿಸುವುದಿಲ್ಲ, ಎಣಿಸುವುದು ಬೆಡ್‌ರೂಮುಗಳನ್ನು. ಒಂದೊಂದಕ್ಕೆ ದಿನವೊಂದಕ್ಕೆ 110 ಗ್ಯಾಲನ್, ಎಂದರೆ ಸುಮಾರು 416 ಲೀಟರ್ ಮಲಿನಜಲವೆಂಬುದು ಲೆಕ್ಕ. ಎಷ್ಟೇ ಚಿಕ್ಕ ಮನೆಯಾದರೂ ಸಾಮಾನ್ಯವಾಗಿ ಮೂರು ಬೆಡ್‌ರೂಮುಗಳ 330 ಗ್ಯಾಲನ್‌ಗೆ ಕಡಮೆಯಿಲ್ಲ. ಇಬ್ಬರೇ ಇರುವ ಮನೆಗೂ ಇದೇ, ಅಜ್ಜಿ ತಾತ ಮೊಮ್ಮಕ್ಕಳಿಂದ ತುಂಬಿರುವ ಮನೆಗೂ ಇದೇ. ಅನ್ಯಾಯವೆಂದು ಮೊದಲಿಗೆ ತೋರುವುದು ಸಹಜ. ಆದರೆ ಕುಟುಂಬಗಳು ಬಂದು ಹೋಗುತ್ತವೆ, ಮನೆ ಉಳಿಯುತ್ತದೆ, ವರ್ಷವರ್ಷವೂ ತಲೆಯೆಣಿಕೆ ಮಾಡುವುದು ಯಾವ ಊರಿನ ಕಚೇರಿಗೂ ಸಾಧ್ಯವಿಲ್ಲ ಎಂಬುದನ್ನು ನೆನೆದರೆ ಇದರ ಔಚಿತ್ಯ ಮನಸ್ಸಿಗೆ ಬರುತ್ತದೆ.

ಬೆಡ್‌ರೂಮಿನ ಲಕ್ಷಣವನ್ನೂ ನಿಯಮವೇ ಹೇಳುತ್ತದೆ: ಏಕಾಂತಕ್ಕೆ ಅನುಕೂಲವಾಗಿ, ಮುಖ್ಯವಾಗಿ ನಿದ್ರೆಗೆಂದು ಉದ್ದಿಷ್ಟವಾಗಿ, 70 ಚದರಡಿಗೆ ಕಡಮೆಯಾಗದ ನೆಲ, ಕಿಟಕಿ, ವಿದ್ಯುತ್ತು, ಗಾಳಿಸಂಚಾರ ಇರತಕ್ಕ ಕೋಣೆ. ನೀವು ಅದನ್ನು ಆಫೀಸೆಂದು ಕರೆದರೂ, ಬಾಗಿಲು ಮುಚ್ಚುವ ಕೋಣೆಯಾದರೆ ಅಧಿಕಾರಿಯ ಕಣ್ಣಿಗೆ ಅದು ಬೆಡ್‌ರೂಮೇ. ಇಷ್ಟು ಸಾಲದೆಂಬಂತೆ ಇನ್ನೊಂದು ಸೂತ್ರವಿದೆ. ಬಚ್ಚಲು, ಓಣಿ, ಪೂರೈಸದ ನೆಲಮಾಳಿಗೆಗಳನ್ನು ಬಿಟ್ಟು ಒಟ್ಟು ಕೋಣೆಗಳು ಎಂಟನ್ನು ಮೀರಿದರೆ, ಆ ಸಂಖ್ಯೆಯನ್ನು ಎರಡರಿಂದ ಭಾಗಿಸಿ, ಭಿನ್ನರಾಶಿಯನ್ನು ಬಿಟ್ಟು, ಉಳಿದಷ್ಟು ಬೆಡ್‌ರೂಮುಗಳಿವೆಯೆಂದು ಭಾವಿಸತಕ್ಕದ್ದು. ಒಂಬತ್ತು ಕೋಣೆಗಳ ಮನೆಗೆ ನಾಲ್ಕು. ಅದಕ್ಕೆ ದೇವರ ಮನೆಯೊಂದನ್ನು ಸೇರಿಸಿದಿರೋ, ಹತ್ತಾಗಿ, ಐದು. ಸ್ನಾನಪಾನಗಳೆಲ್ಲ ಒಂದು ಉದ್ಧರಣೆ ನೀರಿನಲ್ಲಿ ಮುಗಿಯುವ ನಮ್ಮ ದೇವರ ಹೆಸರಿನಲ್ಲಿಯೂ ನಿತ್ಯ 110 ಗ್ಯಾಲನ್ ಬರೆದುಕೊಳ್ಳುವ ಸರಕಾರವಿದು!

ಮನೆ ಮಾರಾಟಕ್ಕೆ ಮುನ್ನ ಎರಡು ವರ್ಷಗಳೊಳಗೆ ಟೈಟಲ್ ಫೈವ್ ತಪಾಸಣೆ ನಡೆದಿರಬೇಕು. ಪ್ರತಿವರ್ಷವೂ ಟ್ಯಾಂಕು ಖಾಲಿ ಮಾಡಿಸಿದ ದಾಖಲೆಯಿದ್ದರೆ ಮೂರು ವರ್ಷ. ಆ ವರದಿಯಲ್ಲಿ ‘ಪಾಸ್’ ಎಂಬುದನ್ನು ಕಂಡೊಡನೆ ಮಡಿಚಿಡುವುದೇ ನಮ್ಮವರೆಲ್ಲರೂ ಬೀಳುವ ಗುಂಡಿ. ಒಳಪುಟದಲ್ಲಿ ಎರಡು ಸಂಖ್ಯೆಗಳು ಒಟ್ಟಿಗೇ ಇರುತ್ತವೆ: ವಿನ್ಯಾಸದ ಪ್ರಕಾರ ಬೆಡ್‌ರೂಮು ಎಷ್ಟು, ವಾಸ್ತವವಾಗಿ ಎಷ್ಟು. ನಮ್ಮ ದಂಪತಿಗಳ ವರದಿಯಲ್ಲಿ ಮೂರು, ನಾಲ್ಕು ಎಂದು ಸ್ಪಷ್ಟವಾಗಿಯೇ ಬರೆದಿತ್ತು. ತಪಾಸಣೆ ಪರೀಕ್ಷಿಸುವುದು ವ್ಯವಸ್ಥೆ ಕೆಟ್ಟಿದೆಯೋ ಇಲ್ಲವೋ ಎಂಬುದನ್ನು. ಎರಡು ಸಂಖ್ಯೆಗಳು ಹೊಂದದಿದ್ದ ಮಾತ್ರಕ್ಕೆ ಅದು ನಪಾಸಾಗುವುದಿಲ್ಲ. ಆದುದರಿಂದ ಆಫರಿಗೆ ಸಹಿ ಹಾಕುವ ಮುನ್ನವೇ ಬೋರ್ಡ್ ಆಫ್ ಹೆಲ್ತ್ ಕಚೇರಿಗೆ ಹೋಗಿ ಆ ವಿಳಾಸದ ಸೆಪ್ಟಿಕ್ ನಕ್ಷೆಯನ್ನು ಕೇಳಿರಿ. ಅದು ಸಾರ್ವಜನಿಕ ದಾಖಲೆ, ಸಂಕೋಚಪಡಬೇಕಾದುದಿಲ್ಲ.

ಕೊಂಡು ಆಗಿಹೋಗಿದ್ದರೆ ದಾರಿಗಳು ಕೆಲವಿವೆ. ಅನೇಕ ಊರುಗಳಲ್ಲಿ ಕೋಣೆಯ ಬಾಗಿಲನ್ನು ತೆಗೆದು ದ್ವಾರವನ್ನು ಅಗಲಗೊಳಿಸಿದರೆ ಅದನ್ನು ಬೆಡ್‌ರೂಮೆಂದು ಎಣಿಸುವುದಿಲ್ಲ. ಮನೆಯಲ್ಲಿ ಇಂತಿಷ್ಟೇ ಬೆಡ್‌ರೂಮು ಇರತಕ್ಕದ್ದೆಂಬ ನಿರ್ಬಂಧವನ್ನು ರಿಜಿಸ್ಟ್ರಿ ಆಫ್ ಡೀಡ್ಸ್‌ನಲ್ಲಿ ನೋಂದಾಯಿಸಿ, ಎಂಟು ಕೋಣೆಗಳ ಸೂತ್ರದಿಂದ ಬಿಡಿಸಿಕೊಳ್ಳುವುದೂ ಉಂಟು. ಇವೆರಡೂ ಒಪ್ಪದಿದ್ದರೆ ವ್ಯವಸ್ಥೆಯನ್ನೇ ವಿಸ್ತರಿಸಬೇಕು. ಅದಕ್ಕೆ ಎಂಜಿನಿಯರು, ಮಣ್ಣು ನೀರನ್ನು ಎಷ್ಟು ಬೇಗ ಹೀರುವುದೆಂಬ ಪರ್ಕ್ ಪರೀಕ್ಷೆ, ಕುಡಿಯುವ ಬಾವಿಯಿಂದ 100 ಅಡಿಯ ದೂರ ಎಲ್ಲವೂ ಬೇಕು. ಸ್ವಂತ ಬಾವಿಯಿರುವ ನಿವೇಶನವಾದರೆ ಬೆಡ್‌ರೂಮೊಂದಕ್ಕೆ 10,000 ಚದರಡಿ ನೆಲವಿರಬೇಕೆಂಬ ಮಿತಿಯೂ ಎದುರಾದೀತು. ಕೆಲವು ಊರುಗಳು ಅಂತರ್ಜಲ ಮೇಲೇರುವ ವಸಂತದಲ್ಲಿ ಮಾತ್ರ ಪರೀಕ್ಷೆಗೆ ಅವಕಾಶ ಕೊಡುವುದರಿಂದ, ಅಪ್ಪ ಅಮ್ಮಂದಿರ ಟಿಕೆಟಿಗೆ ಮುನ್ನ ಈ ವಿಚಾರಣೆಯಾಗಲಿ.

ಉಳಿದುದು ಅಲ್ಪ. ಒಗ್ಗರಣೆಯ ಎಣ್ಣೆಯನ್ನೂ ತುಪ್ಪದ ಜಿಡ್ಡನ್ನೂ ಸಿಂಕಿಗೆ ಸುರಿಯಬೇಡಿ. ಮೂರು ವರ್ಷಕ್ಕೊಮ್ಮೆ ಟ್ಯಾಂಕು ಖಾಲಿ ಮಾಡಿಸಿರಿ. ಸಿಂಕಿನ ಕೆಳಗೆ ತರಕಾರಿ ಅರೆಯುವ ಯಂತ್ರವನ್ನು ಕೂಡಿಸಬೇಡಿ, ಏಕೆಂದರೆ ಅದಿರುವ ಮನೆಗೆ ಲೀಚಿಂಗ್ ಫೀಲ್ಡು ಒಂದೂವರೆ ಪಟ್ಟು ವಿಸ್ತಾರವಾಗಿರಬೇಕೆಂದು ನಿಯಮವಿದೆ. ಸೆಪ್ಟಿಕ್ಕಿಗೆ ರಾಜ್ಯದ ತೆರಿಗೆ ರಿಯಾಯಿತಿ ಇದೆಯಂತಲ್ಲ ಎಂದು ಕೇಳುವವರಿಗೆ: ಇದೆ, ವೆಚ್ಚದ ಶೇಕಡಾ 60ರಂತೆ 18,000 ಡಾಲರುಗಳವರೆಗೆ, ವರ್ಷಕ್ಕೆ 4,000 ಮೀರದಂತೆ. ಆದರೆ ಅದು ಸ್ವಂತ ವಾಸದ ಮನೆಯಲ್ಲಿ ಕೆಟ್ಟುಹೋದ ವ್ಯವಸ್ಥೆಯನ್ನು ಸರಿಪಡಿಸುವವರಿಗೆ. ಕೋಣೆ ಹೆಚ್ಚಿಸಲೆಂದು ಚೆನ್ನಾಗಿರುವುದನ್ನು ಅಗೆಯಿಸುವವರು ಪೂರ್ಣ ಖರ್ಚನ್ನು ತಾವೇ ಭರಿಸಬೇಕು.